ಗೇಣುದ್ದದ ಕಾರಿಗೆ ನಿಕ್ಕಲ್ ಹೊಳಪು

ಹೊಳೆಯುವ ವಸ್ತುವಿನ ಹಿಂದೆ ಬಿದ್ದವನಿಗೆ ನಗೆಪಾಟಲು ಅನ್ನುವುದು ಊಟ ತಿಂಡಿಯ ಹಾಗೆ ಹೊತ್ತುಹೊತ್ತಿಗೆ ಬರುತ್ತಿರುತ್ತದೆ. ನನಗಂತೂ ವರ್ಷಗಟ್ಟಲೆ ಬಂತು, ಒಂದೂರು ಬಿಟ್ಟು ಇನ್ನೊಂದೂರಿಗೆ ಹೋದರೂ ಹಿಂದೆಯೇ ಬಂತು.

ನಾನು ಡ್ರಾಯಿಂಗ್ ಮೇಷ್ಟ್ರು. ಐವತ್ತರ, ಅರವತ್ತರ ದಶಕಗಳಲ್ಲಿ ಆಗಿನ ಕೋಲಾರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕೆಲಸ ಮಾಡಿದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಹೀಗೆ ವರ್ಗದ ಮೇಲೆ ವರ್ಗ. ಬಿಡುವು ಸಿಕ್ಕಾಗ ಹಾಲೆಮರದ ತುಂಡಿನಲ್ಲಿ ಗೇಣುದ್ದದ ಮೋಟಾರು ಕಾರು ಕೆತ್ತುವುದು ನನ್ನ ಹವ್ಯಾಸ. ಆಟದ ಸಾಮಾನಲ್ಲ, ಅಳತೆ ಹಿಡಿದು ಮಾಡಿದ ಮಾದರಿ. ಮರ ಕೈಗೆ ಬಗ್ಗಿತು, ಬಣ್ಣವೂ ಬಗ್ಗಿತು. ಬಗ್ಗದೆ ಉಳಿದದ್ದು ಒಂದೇ. ಬಂಪರು, ಮುಂದಿನ ಜಾಲರಿ, ದೀಪದ ಸುತ್ತಿನ ಬಳೆ, ಇವಕ್ಕಿರುವ ಕನ್ನಡಿಯಂಥ ಹೊಳಪು. ಅದಕ್ಕೆ ಕ್ರೋಮ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ನಮ್ಮ ಕಡೆ ಎಲ್ಲರೂ ನಿಕ್ಕಲ್ ಅನ್ನುತ್ತಿದ್ದರು. ಬೆಳ್ಳಿ ಬಣ್ಣದ ಡಬ್ಬಿ ತಂದು ಬಳಿದು ನೋಡಿದೆ. ಬಂಪರು ಹೋಗಿ ಅಲ್ಯೂಮಿನಿಯಂ ತಟ್ಟೆ ಆಯಿತು. ಯಾಕೆ ಹೀಗಾಗುತ್ತದೆ ಅನ್ನುವ ಪ್ರಶ್ನೆ ತಲೆಗೆ ಹೊಕ್ಕಿದ್ದೇ ತಡ, ಮುಂದಿನದೆಲ್ಲ ಶುರುವಾಯಿತು.

೧. ರೈಲ್ವೆ ಗೇಟಿನ ಬಳಿ

ಆಗ ಗೌರಿಬಿದನೂರಿನಲ್ಲಿದ್ದೆ. ಒಂದು ಭಾನುವಾರ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಮನೆಗೆ ಬರುತ್ತಿದ್ದಾಗ ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ಒಂದು ದೊಡ್ಡ ವಿಲಾಯಿತಿ ಕಾರು ನಿಂತಿತ್ತು. ಅಂಥ ಬಂಪರನ್ನು ಅಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ. ಚೀಲ ಪಕ್ಕಕ್ಕಿಟ್ಟು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಆಶ್ಚರ್ಯ ಏನೆಂದರೆ ಅದಕ್ಕೆ ಬೆಳ್ಳಿ ಬಣ್ಣವೇ ಇರಲಿಲ್ಲ. ಮೇಲರ್ಧ ಆಕಾಶದ ನೀಲಿ, ಕೆಳಗರ್ಧ ರಸ್ತೆಯ ಮಣ್ಣಿನ ಬಣ್ಣ, ನಡುವೆ ಸೀಸದ ಕಡ್ಡಿಯಿಂದ ಎಳೆದ ಹಾಗೆ ಒಂದು ಕಪ್ಪು ಗೆರೆ. ಆ ಗೆರೆಯ ಮೇಲೆ ನನ್ನ ಮುಖ, ಕುಂಬಳಕಾಯಿಯ ಹಾಗೆ ಅಡ್ಡಡ್ಡ ಹಿಗ್ಗಿಕೊಂಡು ಕೂತಿತ್ತು. ಚೀಲದಿಂದ ಒಂದು ಬದನೆಕಾಯಿ ತೆಗೆದು ಹಿಡಿದೆ. ಬಂಪರು ನೇರಳೆ ಆಯಿತು. ಟೊಮ್ಯಾಟೊ ಹಿಡಿದೆ, ಕೆಂಪಾಯಿತು. ಅಂದರೆ ಈ ಹೊಳಪಿಗೆ ಸ್ವಂತ ಬಣ್ಣವಿಲ್ಲ, ಎದುರಿಗೆ ಇದ್ದದ್ದೇ ಇದರ ಬಣ್ಣ. ನನಗೆ ಮೈ ಜುಮ್ಮೆಂದಿತು.

ಡ್ರೈವರು ಕೆಳಗಿಳಿದು ಬಂದ. "ಏಮಿ ಸಾರ್, ಏಮನ್ನಾ ಪೋಯಿಂದಾ? ಏನಾದ್ರೂ ಕಳ್ಕೊಂಡ್ರಾ?" ಅಂದ.

"ಇಲ್ಲಪ್ಪ. ನಿನ್ನ ಬಂಪರು ಯಾವ ಬಣ್ಣ ಅಂತ ನೋಡ್ತಿದ್ದೀನಿ."

ಅವನು ನನ್ನನ್ನು ನೋಡಿದ, ನನ್ನ ಕೈಯ ಟೊಮ್ಯಾಟೊ ನೋಡಿದ, ಚೀಲ ನೋಡಿದ. "ಮೂಲಂಗಿ ತೋರಿಸಿ ಆಯ್ತಾ?" ಅಂತ ಗಂಭೀರವಾಗಿಯೇ ಕೇಳಿದ.

"ಇನ್ನೂ ಇಲ್ಲ."

ಅವನು ಹೆಗಲ ಮೇಲಿದ್ದ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟ. "ರೈಲು ಬರೋಕೆ ಇನ್ನೂ ಹೊತ್ತಿದೆ. ಹೇಗೂ ಕೂತಿದ್ದೀರಲ್ಲ ಸಾರ್, ಹಾಗೇ ಒರೆಸಿಬಿಡಿ."

ಒರೆಸಿದೆ. ಒರೆಸಿದ ಮೇಲೆ ಮೂಲಂಗಿ ಬಹಳ ಚೆನ್ನಾಗಿ ಕಂಡಿತು.

೨. ಕಾಗದ ಮಾತ್ರ

ಸಿಗರೇಟು ಪೊಟ್ಟಣದ ಒಳಗೆ ಒಂದು ಹೊಳೆಯುವ ಕಾಗದ ಇರುತ್ತದೆ. ಅದನ್ನು ಬಿಸಿನೀರಿನ ಆವಿಗೆ ಹಿಡಿದರೆ ಹಿಂದಿನ ಬಿಳಿ ಕಾಗದ ಬಿಟ್ಟುಕೊಂಡು, ತೆಳ್ಳಗಿನ ಲೋಹದ ಹಾಳೆ ಮಾತ್ರ ಉಳಿಯುತ್ತದೆ. ಅದನ್ನು ಜಾಲಿ ಅಂಟಿನಲ್ಲಿ ಬಂಪರಿಗೆ ಅಂಟಿಸಿ ಹುಣಸೆ ಬೀಜದಿಂದ ಉಜ್ಜಿದರೆ ನೆರಿಗೆಯೆಲ್ಲ ಹೋಗಿ ಒಳ್ಳೆಯ ಹೊಳಪು ಬರುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ ನನಗೇ ಬಹಳ ಹೆಮ್ಮೆ. ತೊಂದರೆ ಏನೆಂದರೆ ನಾನು ಸಿಗರೇಟು ಸೇದುವವನಲ್ಲ. ಹಾಗಾಗಿ ಬಸ್ ನಿಲ್ದಾಣದ ಹತ್ತಿರ, ಬೀಡಾ ಅಂಗಡಿಯ ಹತ್ತಿರ ಬಿದ್ದ ಖಾಲಿ ಪೊಟ್ಟಣ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ನಮ್ಮ ಹೆಡ್ ಮೇಷ್ಟ್ರು ಖಾದಿಯವರು. ಕಾಫಿಯನ್ನೂ ಕುಡಿಯದ ಕಟ್ಟುನಿಟ್ಟು. ಒಂದು ದಿನ ನಾನು ಕರವಸ್ತ್ರ ಎಳೆದಾಗ ಅವರ ಮುಂದೆಯೇ ಜೇಬಿನಿಂದ ನಾಲ್ಕು ಪೊಟ್ಟಣ ಉದುರಿದವು. ಅವರು ಅವನ್ನು ಒಂದೊಂದಾಗಿ ನೋಡಿದರು. ಸಂಜೆ ತಮ್ಮ ಕೋಣೆಗೆ ಕರೆಸಿ ಬಾಗಿಲು ಮುಂದಕ್ಕೆ ಹಾಕಿದರು.

"ನೋಡಿ, ನಿಮ್ಮ ಮೇಲೆ ನನಗೆ ಒಳ್ಳೇ ಅಭಿಪ್ರಾಯ ಇತ್ತು. ಈ ಚಟ ಯಾವಾಗಿಂದ?"

"ಸಾರ್, ನಾನು ಸೇದೋದಿಲ್ಲ. ಕಾಗದ ಮಾತ್ರ ತಗೋತೀನಿ."

ಅವರು ನಿಟ್ಟುಸಿರು ಬಿಟ್ಟರು. "ಎಲ್ಲರೂ ಮೊದಲು ಹಾಗೇ ಹೇಳೋದು."

ಕಾರಿನ ವಿಷಯ, ಬಂಪರಿನ ವಿಷಯ, ಹುಣಸೆ ಬೀಜದ ವಿಷಯ ಎಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಮಾರನೇ ದಿನ ಕಾರನ್ನೇ ತಂದು ಅವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಣೆಗೆ ಏರಿಸಿ ಬಂಪರು ನೋಡಿದರು, ಜಾಲರಿ ನೋಡಿದರು, ಬೆರಳಿನಿಂದ ಸವರಿದರು.

"ಇದೊಂದು ಕಾರಿಗೆ ಎಷ್ಟು ಕಾಗದ ಬೇಕಾಗುತ್ತೆ?"

"ಹತ್ತು ಹನ್ನೆರಡು ಬೇಕು ಸಾರ್. ಸಿಗೋದೇ ಕಷ್ಟ."

ಅವರು ಒಮ್ಮೆ ಬಾಗಿಲ ಕಡೆ ನೋಡಿ, ಮೇಜಿನ ತೀರಾ ಕೆಳಗಿನ ಖಾನೆ ಎಳೆದು, ಹದಿನೈದು ಇಪ್ಪತ್ತು ಹೊಳೆಯುವ ಕಾಗದ ತೆಗೆದುಕೊಟ್ಟರು. ಒಂದೂ ಸುಕ್ಕಿಲ್ಲದ ಹಾಗೆ ನೀಟಾಗಿ ಮಡಿಸಿದ್ದವು.

"ನಮ್ಮ ಭಾವಮೈದುನನದು," ಅಂದರು. "ಅವನೂ ಕಾಗದ ಮಾತ್ರ."

೩. ಹಕೀಮರ ಸಲಹೆ

ಸಿಗರೇಟು ಕಾಗದಕ್ಕೆ ಒಂದು ದೋಷವಿತ್ತು. ಬಂಪರಿನ ಡೊಂಕಿಗೆ ಅದು ಕೂರುತ್ತಿರಲಿಲ್ಲ, ಮೂಲೆಯಲ್ಲಿ ಹರಿಯುತ್ತಿತ್ತು. ಚಿಂತಾಮಣಿಗೆ ವರ್ಗವಾದ ಮೇಲೆ ನಮ್ಮ ಬೀದಿಯ ಕೊನೆಯಲ್ಲಿದ್ದ ಹಕೀಮರ ಔಷಧದ ಅಂಗಡಿಯಲ್ಲಿ ಬೆಳ್ಳಿಯ ವರಖು ನೋಡಿದೆ. ಸಿಹಿಯ ಮೇಲೆ, ಲೇಹ್ಯದ ಮೇಲೆ ಹಾಕುತ್ತಾರಲ್ಲ, ಉಸಿರು ತಾಗಿದರೆ ಹಾರಿಹೋಗುವಷ್ಟು ತೆಳ್ಳಗಿನ ಬೆಳ್ಳಿ, ಅದು. ಇದು ಎಂಥ ಡೊಂಕಿಗೂ ಕೂರುತ್ತದೆ ಅನ್ನಿಸಿತು.

ಹಕೀಮರು ಬಿಳಿ ಗಡ್ಡದ, ನಿಧಾನ ಮಾತಿನ ಹಿರಿಯರು. "ಯಾರಿಗೆ ಮೇಷ್ಟ್ರೇ? ಎದೆ ನೋವಾ, ನಿಶ್ಶಕ್ತಿಯಾ?" ಅಂದರು.

"ಕಾರಿಗೆ ಹಕೀಮ್ ಸಾಬ್."

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕಾರು ತರಿಸಿ, ರೋಗಿಯನ್ನು ನೋಡುವ ಹಾಗೆ ಅತ್ತಿತ್ತ ತಿರುಗಿಸಿ ನೋಡಿದರು. "ಗೋಂದು ಹಾಕಿದ್ರೆ ವರಖು ಕಪ್ಪಾಗುತ್ತೆ. ಜೇನು ಹಾಕಿ. ನಾವು ಜೇನಿನ ಮೇಲೇ ಹಾಕೋದು. ಹೊಳಪು ಎಂದೂ ಹೋಗಲ್ಲ."

ಅವರ ಮಾತಿನಂತೆ ತೆಳ್ಳಗೆ ಜೇನು ಸವರಿ, ಉಸಿರು ಬಿಗಿಹಿಡಿದು ವರಖು ಕೂರಿಸಿದೆ. ಆ ಸಂಜೆ ಆ ಬಂಪರು ಎಷ್ಟು ಚೆನ್ನಾಗಿತ್ತೆಂದರೆ ನಾನು ನಾಲ್ಕು ಸಲ ಎದ್ದು ಹೋಗಿ ನೋಡಿ ಬಂದೆ. ಬೆಳಿಗ್ಗೆ ನೋಡಿದರೆ ಬಂಪರು ಕಪ್ಪಾಗಿತ್ತು. ಹಕೀಮರ ಮೇಲೆ ಸಿಟ್ಟು ಬಂತು. ಹತ್ತಿರ ಹೋಗಿ ನೋಡಿದೆ. ಕಪ್ಪು ಬಣ್ಣ ಮೆಲ್ಲಗೆ ನಡೆಯುತ್ತಿತ್ತು. ಇರುವೆಗಳು ಮುಂದಿನ ಬಂಪರಿನಿಂದ ಹತ್ತಿ, ಪಕ್ಕದ ಪಟ್ಟಿಯ ಮೇಲೆ ಸಾಲಾಗಿ ಸಾಗಿ, ಹಿಂದಿನ ಬಂಪರಿನಿಂದ ಇಳಿಯುತ್ತಿದ್ದವು. ಕೆಲವು ಕಿಟಕಿಯೊಳಗೂ ಹೋಗಿದ್ದವು.

ಹಾಗೇ ಹಲಗೆಯ ಮೇಲಿಟ್ಟುಕೊಂಡು ಹಕೀಮರ ಹತ್ತಿರ ಒಯ್ದೆ. ಅವರು ಬಹಳ ಹೊತ್ತು ಗಡ್ಡ ನೀವುತ್ತ ನೋಡಿದರು.

"ಮೇಷ್ಟ್ರೇ, ಗಾಡಿ ಒಳ್ಳೇದಿದೆ," ಅಂದರು. "ನಮ್ಮೂರಲ್ಲಿ ನಿಜವಾದ ಬಸ್ಸಿಗೂ ಬೆಳಿಗ್ಗೆ ಬೆಳಿಗ್ಗೆ ಇಷ್ಟು ಪ್ಯಾಸೆಂಜರು ಹತ್ತೋದಿಲ್ಲ."

೪. ಕಲಾಯಿ

ಮುಂದಿನ ವರ್ಗ ಶಿಡ್ಲಘಟ್ಟಕ್ಕೆ. ಅಂಟಿಸಿದ ಹೊಳಪೆಲ್ಲ ಒಂದು ದಿನ ಕಿತ್ತು ಬರುವಂಥದ್ದೇ, ಲೋಹದ ಮೇಲೆ ಲೋಹವನ್ನೇ ಕೂರಿಸಬೇಕು ಅನ್ನುವ ತೀರ್ಮಾನಕ್ಕೆ ಅಷ್ಟರಲ್ಲಿ ಬಂದಿದ್ದೆ. ಹಿತ್ತಾಳೆ ತಗಡಿನಲ್ಲಿ ಒಂದು ಮುಂದಿನ ಜಾಲರಿ ಕತ್ತರಿಸಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಅದರಲ್ಲಿ ಹನ್ನೊಂದು ಅಡ್ಡಪಟ್ಟಿ. ಒಂದು ವಾರದ ಕೆಲಸ.

ಬೀದಿಗೆ ಕಲಾಯಿಯವನು ಬಂದ. ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಒತ್ತಿ ಕೆಂಡ ಮಾಡಿದ. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಹಂಡೆ, ತಪ್ಪಲೆ, ಕೊಳದಪ್ಪಲೆ ಹೊತ್ತು ತಂದು ಸಾಲಾಗಿ ಕೂತರು. ಸಾಲಿನ ಕೊನೆಯಲ್ಲಿ ನಾನು, ಬೆಂಕಿಪೊಟ್ಟಣದಲ್ಲಿ ಜಾಲರಿ ಇಟ್ಟುಕೊಂಡು.

ನನ್ನ ಸರದಿ ಬಂದಾಗ ಕಲಾಯಿಯವನು ಬೆಂಕಿಪೊಟ್ಟಣ ತೆಗೆದು ನೋಡಿ ಕೇಳಿದ, "ಇದ್ರಲ್ಲಿ ಏನು ಅಡುಗೆ ಮಾಡ್ತೀರಿ ಸ್ವಾಮಿ?"

"ಅಡುಗೆ ಅಲ್ಲಪ್ಪ. ಕಾರಿನ ಮುಖ ಅದು."

ಅವನು ಕಸುಬು ಗೊತ್ತಿದ್ದ ಮನುಷ್ಯ, ನಗಲಿಲ್ಲ. ಆದರೆ ಅವನ ಇಕ್ಕಳ ಹಂಡೆ ಹಿಡಿಯುವ ಇಕ್ಕಳ. ಜಾಲರಿಯನ್ನು ಹೇಗೋ ಹಿಡಿದು, ನವಸಾಗರದ ಪುಡಿ ಉದುರಿಸಿ, ತವರ ಸವರಿದ. ನನ್ನ ಕಣ್ಣೆದುರೇ ಹಳದಿ ಹೋಗಿ ಹುಣ್ಣಿಮೆಯ ಹಾಗೆ ಬೆಳ್ಳಗಾಯಿತು. "ಆಹಾ," ಅಂದೆ. ನಾನು ಆಹಾ ಅಂದಿದ್ದಕ್ಕೆ ಅವನು ನನ್ನ ಕಡೆ ತಿರುಗಿದ. ಇಕ್ಕಳ ಸಡಿಲವಾಗಿ ಜಾಲರಿ ಬೂದಿಯೊಳಗೆ ಬಿತ್ತು.

ನನ್ನ ಮುಖ ಹೇಗಾಗಿತ್ತೋ ಕಾಣೆ. ಪಕ್ಕದ ಮನೆಯಾಕೆ "ಅಯ್ಯೋ ಪಾಪ" ಅಂತ ಸೆರಗು ಸಿಕ್ಕಿಸಿಕೊಂಡು ಕಡ್ಡಿಯಿಂದ ಬೂದಿ ಕೆದಕತೊಡಗಿದರು. ಒಬ್ಬರನ್ನು ನೋಡಿ ಇನ್ನೊಬ್ಬರು. ಒಬ್ಬರು ಜರಡಿ ತಂದರು. ಹನ್ನೆರಡು ಹೆಂಗಸರು ಸುತ್ತ ಕೂತು, ಹಂಡೆ ತಪ್ಪಲೆ ಮರೆತು, ಹಿಡಿ ಹಿಡಿ ಬೂದಿ ಜರಡಿ ಹಿಡಿದರು. ಮುಕ್ಕಾಲು ಗಂಟೆಯ ಮೇಲೆ ಜಾಲರಿ ಸಿಕ್ಕಿತು, ಹನ್ನೊಂದು ಪಟ್ಟಿಯೂ ಸರಿಯಾಗಿತ್ತು. ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಮೂಲೆಮನೆಯ ವಯಸ್ಸಾದ ತಾಯಿಯೊಬ್ಬರು ಮಾತ್ರ ಬೂದಿ ಮೆತ್ತಿದ ಕೈ ನೋಡಿಕೊಳ್ಳುತ್ತ ಅಂದರು, "ಹೋದ ವರ್ಷ ನನ್ನ ವಜ್ರದ ಮೂಗುಬೊಟ್ಟು ಇದೇ ಬೀದೀಲಿ ಬಿತ್ತು ಕಣ್ರೇ. ಒಬ್ಬರೂ ಬಗ್ಗಿ ನೋಡಲಿಲ್ಲ."

೫. ಸೆರಗಿನ ಎಳೆ

ಕಾರಿನ ಬಾಗಿಲುಗಳ ಉದ್ದಕ್ಕೂ ಕೂದಲೆಳೆಯಂಥ ಒಂದು ಹೊಳೆಯುವ ಪಟ್ಟಿ ಓಡುತ್ತದೆ. ಅದನ್ನು ತಗಡಿನಲ್ಲಿ ಕತ್ತರಿಸಲು ಆಗುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಒಬ್ಬರು ನನಗೆ ಪರಿಚಯ. ಬಿಸಿನೀರಿನ ಬಾಣಲೆಯ ಮುಂದೆ ಕೂತು, ಗೂಡಿನಿಂದ ಕಣ್ಣಿಗೆ ಕಾಣದ ಎಳೆ ಹಿಡಿಯುವ ಅವರ ಬೆರಳು ನೋಡುವುದೇ ಒಂದು ಸೊಗಸು. ಅವರನ್ನು ಕೇಳಿದೆ. "ರೇಷ್ಮೆ ಬೇಡ ಮೇಷ್ಟ್ರೇ, ಜರಿ ಎಳೆ ತಗೊಳ್ಳಿ. ಹಳೇ ಜರಿ ಆದ್ರೆ ಮೇಲಿನ ಚಿನ್ನದ ನೀರು ಹೋಗಿ ಒಳಗಿನ ಬೆಳ್ಳಿ ಕಾಣ್ತಿರುತ್ತೆ. ಒದ್ದೆ ಮಾಡಿ ಬಿಗಿಯಾಗಿ ಎಳೆದು ಕೂರಿಸಿ," ಅಂದರು.

ಹಳೇ ಜರಿ ನಮ್ಮ ಮನೆಯಲ್ಲಿ ಒಂದೇ ಕಡೆ ಇತ್ತು. ನನ್ನ ಹೆಂಡತಿಯ ಧಾರೆ ಸೀರೆಯ ಸೆರಗಿನಲ್ಲಿ. ಆಕೆ ತವರಿಗೆ ಹೋಗಿದ್ದಾಗ ಪೆಟ್ಟಿಗೆ ತೆಗೆದು, ತುದಿಯಲ್ಲಿ ಒಂದೇ ಒಂದು ಎಳೆ ಅಂತ ಎಳೆದೆ. ಚೆನ್ನಾಗಿ ಬಂತು. ಎಡಗಡೆ ಬಾಗಿಲಿಗೆ ಆಯಿತು, ಬಲಗಡೆಗೂ ಬೇಕಲ್ಲ. ಆಮೇಲೆ ಕಿಟಕಿಯ ಸುತ್ತ, ಗಾಜಿನ ಸುತ್ತ. ಸೀರೆ ಮಡಿಸಿಡುವಾಗ ಸೆರಗು ನಾಲ್ಕು ಬೆರಳು ಹಿಂದೆ ಸರಿದಿತ್ತು.

ಆಕೆಗೆ ಗೊತ್ತಾದದ್ದು ಕೆಂಚಾರ್ಲಹಳ್ಳಿಯ ನೆಂಟರ ಮದುವೆಗೆ ಹೊರಟಾಗ. ಸೆರಗು ನೋಡಿದಳು, ಕಪಾಟಿನ ಮೇಲಿನ ಕಾರು ನೋಡಿದಳು, ನನ್ನನ್ನು ನೋಡಿದಳು. ಅದೇ ಸೀರೆ ಉಟ್ಟು ಬಂದಳು. ಬಸ್ಸಿಳಿದ ಮೇಲೆ ಊರೊಳಗೆ ಬಿಸಿಲಿನಲ್ಲಿ ನಡೆದೇ ಹೋಗಬೇಕಾಯಿತು.

ಚಪ್ಪರದಲ್ಲಿ ಆಕೆಯ ಅಕ್ಕ, "ಯಾಕೆ ಇಷ್ಟು ತಡ ಆಯ್ತು? ಹೇಗೆ ಬಂದ್ರಿ?" ಅಂತ ಕೇಳಿದರು.

"ನನ್ನ ಸೀರೇಲಿ ಒಂದಷ್ಟು ಕಾರಲ್ಲಿ ಹೋಯ್ತು ಕಣೇ," ಅಂದಳು ನನ್ನ ಹೆಂಡತಿ. "ಉಳಿದದ್ದು ನನ್ನ ಜೊತೆ ನಡ್ಕೊಂಡು ಬಂತು."

೬. ಎಡಗಡೆಯ ಮೂಲೆ

ಚಿಕ್ಕಬಳ್ಳಾಪುರಕ್ಕೆ ಬರುವ ಹೊತ್ತಿಗೆ ನನಗೆ ಗುಟ್ಟು ಸಿಕ್ಕಿಬಿಟ್ಟಿತ್ತು. ಕಲಾಯಿ ಮಾಡಿದ ತಗಡಿನ ಮೇಲೆ, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ, ಮೇಲೆ ಆಕಾಶದ ನೀಲಿ, ಕೆಳಗೆ ನೆಲದ ಕಂದು, ನಡುವೆ ಒಂದು ಕಪ್ಪು ಗೆರೆ ಬರೆಯಬೇಕು. ಅಷ್ಟು ಮಾಡಿದರೆ ಮನೆಯೊಳಗಿಟ್ಟ ಕಾರೂ ಬಯಲಲ್ಲಿ ನಿಂತ ಹಾಗೆ ಹೊಳೆಯುತ್ತದೆ.

ಈ ಸುದ್ದಿ ಹೇಗೋ ಕಳವಾರದ ಕಡೆಯ ಒಂದು ಜಮೀನ್ದಾರರ ಮನೆಗೆ ಮುಟ್ಟಿತು. ಅಲ್ಲಿ ಯಜಮಾನರಿಗೆ ಐವತ್ತು ವರ್ಷ. ಆದರೂ ಮನೆ ನಡೆಯುತ್ತಿದ್ದದ್ದು ಅವರ ತಾಯಿಯ ಮಾತಿನ ಮೇಲೆ. ಆಕೆಯನ್ನು ಊರೆಲ್ಲ ದೊಡ್ಡಮ್ಮ ಅನ್ನುತ್ತಿತ್ತು. ತೀರಿಹೋದ ಗಂಡ ಕೊಂಡಿದ್ದ ದೊಡ್ಡ ಕಾರಿನ ಮೇಲೆ ಆಕೆಗೆ ಪ್ರಾಣ. ಮಗ ಹರೆಯದಲ್ಲಿ ಮೋಟಾರ್ ಸೈಕಲ್ಲನ್ನು ಹುಣಸೆ ಮರಕ್ಕೆ ಗುದ್ದಿದ್ದರಂತೆ, ಹಾಗಾಗಿ ಅವರು ಆ ಕಾರಿನ ಸ್ಟೇರಿಂಗು ಮುಟ್ಟಕೂಡದು ಅಂತ ಆಕೆಯ ಕಟ್ಟಪ್ಪಣೆ. ಓಡಿಸುವುದಕ್ಕೆ ಒಬ್ಬ ಡ್ರೈವರು ಇದ್ದ. ಆ ಕಾರಿನ ಗೇಣುದ್ದದ ಮಾದರಿ ಮಾಡಿಕೊಡಬೇಕು ಅಂತ ದೊಡ್ಡಮ್ಮ ನನಗೆ ಹೇಳಿಕಳಿಸಿದರು.

ಕಾರನ್ನು ತೊಳೆಯಲು ಅಂಗಳಕ್ಕೆ ತಂದಿದ್ದಾಗ ಮುಂಭಾಗದ ಎದುರಿಗೆ ಕೂತು ಅಳತೆ ತೆಗೆದೆ, ಚಿತ್ರ ಬರೆದುಕೊಂಡೆ. ಹಿಂದಿನ ಬಂಪರಿನ ಮೇಲೆ ಗೋಣಿಚೀಲ ಹಾಸಿತ್ತು, ಅದನ್ನು ಮುಂದಿನದರ ಅಂದಾಜಿನ ಮೇಲೆ ಮಾಡಿದೆ. ಎರಡು ತಿಂಗಳು ಕೆಲಸ ಮಾಡಿ, ಒಂದು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ದೊಡ್ಡಮ್ಮ ಕೂತಿದ್ದರು. ಪಕ್ಕದಲ್ಲಿ ಯಜಮಾನರು, ಕೆಳಗೆ ಡ್ರೈವರು.

ದೊಡ್ಡಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಬಂಪರನ್ನು ಕಣ್ಣಿನ ಹತ್ತಿರ ಹಿಡಿದರು. "ಇದ್ರೊಳಗೆ ನಮ್ಮ ಬೆಟ್ಟ ಕಾಣ್ತಿದೆಯಲ್ಲಪ್ಪ," ಅಂದರು ಮೆತ್ತಗೆ. ಕಪ್ಪು ಗೆರೆ ಎಳೆಯುವಾಗ ಕಳವಾರದ ಬೆಟ್ಟದ ಏರಿಳಿತವನ್ನೇ ನಾನು ಎಳೆದಿದ್ದೆ. ಅದನ್ನು ಕಂಡುಹಿಡಿದವರು ಆಕೆಯೊಬ್ಬರೇ.

ಆಮೇಲೆ ಆಕೆಯ ಬೆರಳು ಒಂದು ಕಡೆ ನಿಂತಿತು. "ಎಲ್ಲಾ ಚೆನ್ನಾಗಿದೆ ಮೇಷ್ಟ್ರೇ. ಈ ಎಡಗಡೆ ಮೂಲೇಲಿ ಮಾತ್ರ ನಿಮ್ಮ ಕೈ ಜಾರಿದೆ. ತಗ್ಗು ಬಿದ್ದಿದೆ."

ಯಜಮಾನರು ತಕ್ಷಣ, "ಹೌದು, ಜಾರಿದೆ. ಮನುಷ್ಯರ ಕೈ ತಾನೇ, ಹೋಗ್ಲಿ ಬಿಡಮ್ಮ," ಅಂದರು.

ಡ್ರೈವರೂ ಕೆಳಗಿನಿಂದ, "ಜಾರಿದೆ ದೊಡ್ಡಮ್ಮ, ಇಲ್ಲಿಗೇ ಕಾಣ್ತದೆ," ಅಂದ.

ಎಷ್ಟು ವರ್ಷದ ಪರಿಶ್ರಮ ನನ್ನದು. ಅಭಿಮಾನ ಕೆರಳಿತು. "ಜಾರಿಲ್ಲಮ್ಮ. ಕಾರಲ್ಲಿ ಇದ್ದದ್ದನ್ನೇ ಮಾಡಿದ್ದೀನಿ. ಆ ತಗ್ಗು ಒಂದಕ್ಕೇ ನನಗೆ ಮೂರು ದಿನ ಹಿಡೀತು. ಬೇಕಾದ್ರೆ ಪಕ್ಕದಲ್ಲಿ ಇಟ್ಟು ನೋಡಿ."

ಯಜಮಾನರು ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದರು. "ಕಣ್ಣಿಗೆ ಏನಾದ್ರೂ ಬಿತ್ತಾ ಸ್ವಾಮಿ?" ಅಂತ ನಾನು ವಿಚಾರಿಸಿದೆ.

ದೊಡ್ಡಮ್ಮ ಎದ್ದರು. ಎಲ್ಲರೂ ಅವರ ಹಿಂದೆ ಕಾರು ನಿಲ್ಲಿಸುವ ಕೊಟ್ಟಿಗೆಗೆ ಹೋದೆವು. ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ದೊಡ್ಡಮ್ಮ ಗೋಡೆ ಕಾರಿನ ಸಂದಿನಲ್ಲಿ ನುಸುಳಿ, ಬಗ್ಗಿ, ಬಂಪರಿನ ಎಡಮೂಲೆಗೆ ಬೆರಳು ಹಾಕಿದರು. ಅಡಿಕೆ ಗಾತ್ರದ ತಗ್ಗು. ಮಾದರಿಯಲ್ಲಿ ಎಳ್ಳಿನ ಗಾತ್ರದ್ದು, ಅದೇ ಜಾಗ, ಅದೇ ಆಕಾರ.

"ಏನಪ್ಪ ಇದು?" ಅಂತ ಡ್ರೈವರನ್ನು ಕೇಳಿದರು.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಗ ನನಗೆ ಅರ್ಥವಾಯಿತು. ಹೆಂಡತಿ ಮಕ್ಕಳಿದ್ದ ಮನುಷ್ಯನ ಕೆಲಸಕ್ಕೆ ನನ್ನ ಎಳ್ಳಿನಷ್ಟು ತಗ್ಗು ಕುತ್ತು ತಂದಿತ್ತು. ನಿಜ ಮಾಡಬೇಕು ನಿಜ ಮಾಡಬೇಕು ಅಂತ ಒದ್ದಾಡಿದ ನಾನು, ಸುಳ್ಳು ಹೇಳುವುದು ಹೇಗೆ ಅಂತ ಹುಡುಕತೊಡಗಿದೆ.

ಅಷ್ಟರಲ್ಲಿ ಯಜಮಾನರು ಕೆಮ್ಮಿದರು. "ಅವನನ್ನ ಕೇಳಬೇಡಮ್ಮ. ನಾನೇ." ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು. ಡ್ರೈವರು ಮೂರು ದಿನ ಊರಿಗೆ ಹೋಗಿದ್ದಾಗ ಆಸೆ ತಡೆಯಲಾರದೆ ಕಣದಲ್ಲಿ ಕಾರು ಓಡಿಸಿ ನೋಡಿದ್ದರು. ತೆನೆಯ ಮೇಲೆ ಉರುಳಿಸುವ ರೋಣುಗಲ್ಲಿಗೆ ತಗುಲಿತ್ತು. ಅಂದಿನಿಂದ ಕಾರನ್ನು ಗೋಡೆಗೆ ಮುಖ ಮಾಡಿಯೇ ನಿಲ್ಲಿಸಬೇಕು ಅಂತ ಆಜ್ಞೆಯಾಗಿತ್ತು. ಡ್ರೈವರೋ, ತಾನಿಲ್ಲದಾಗ ಬಿದ್ದ ತಗ್ಗನ್ನು ತನ್ನ ತಲೆಗೇ ಕಟ್ಟುತ್ತಾರೆ ಅಂತ ಹೆದರಿ ಸುಮ್ಮನಿದ್ದ.

ಐವತ್ತರ ಮಗ ತಾಯಿಯ ಮುಂದೆ ಕೈಕಟ್ಟಿ ನಿಂತಿದ್ದರು. ಡ್ರೈವರ ಕಣ್ಣಲ್ಲಿ ನೀರು ತುಂಬಿತ್ತು.

"ನನ್ನ ಕೆಲಸ ಉಳೀಲಿ ಅಂತ ಇಷ್ಟು ದೊಡ್ಡೋರು ಹೆತ್ತತಾಯಿ ಮುಂದೆ ತಪ್ಪು ಒಪ್ಕೊಂಡ್ರು," ಅಂದ. "ಇನ್ನು ನಾನು ಮುಚ್ಚಿಟ್ರೆ ಈ ಮನೇಲಿ ಉಂಡ ಅನ್ನ ಮೈಗೆ ಹತ್ತಲ್ಲ."

ಅವನು ಕಾರಿನ ಹಿಂದಕ್ಕೆ ಹೋಗಿ, ಹಿಂದಿನ ಬಂಪರಿನ ಮೇಲೆ ಹಾಸಿದ್ದ ಗೋಣಿಚೀಲ ಎಳೆದ. ಅಲ್ಲಿ ಅಂಗೈಯಗಲ ಒಳಕ್ಕೆ ಹೋಗಿತ್ತು.

"ಇದು ನಂದು. ಸಂತೆ ದಿನ, ರಾಗಿ ಮಿಲ್ಲಿನ ಕಟ್ಟೆಗೆ."

ಅವನ ಕೆಲಸವೇನೂ ಹೋಗಲಿಲ್ಲ. ಅದೇ ತಿಂಗಳಿಂದ ಯಜಮಾನರಿಗೆ ಕಾರು ಕಲಿಸುವ ಜವಾಬ್ದಾರಿಯೂ ದೊಡ್ಡಮ್ಮನ ಅಪ್ಪಣೆಯಿಂದಲೇ ಅವನ ಮೇಲೆ ಬಿತ್ತು. ಆದರೆ ಅದೆಲ್ಲ ಆಮೇಲಿನ ಮಾತು. ದೊಡ್ಡಮ್ಮ ಹಿಂದಿನ ಬಂಪರನ್ನು ನೋಡಿದರು. ಕೈಯಲ್ಲಿದ್ದ ಮಾದರಿಯನ್ನು ತಿರುಗಿಸಿದರು. ನನ್ನ ಹಿಂದಿನ ಬಂಪರು ಅಡಿಪಟ್ಟಿಯಷ್ಟು ನೇರವಾಗಿ, ಒಂದು ಕಲೆಯಿಲ್ಲದೆ ಹೊಳೆಯುತ್ತಿತ್ತು.

ಆಕೆ ಅದನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಮೇಷ್ಟ್ರೇ, ಹಿಂದಗಡೆ ತಪ್ಪು ಮಾಡಿದ್ದೀರಿ. ಸರಿಮಾಡ್ಕೊಂಡು ಬನ್ನಿ."